ಅಮ್ಮನ ಜೊತೆ ಮೊರೇನ್ ಲೇಕ್: ಸ್ವಂತ ಕಾರಾ, ಟೂರ್ ವ್ಯಾನಾ?

ಮಂಡಿ ನೋವಿರುವ ಅಮ್ಮನನ್ನು ಒಂದೇ ದಿನದಲ್ಲಿ ಕೆನಡಾದ ಬ್ಯಾನ್ಫ್ ರಾಷ್ಟ್ರೀಯ ಉದ್ಯಾನದ ಕೆರೆಗಳಾದ ಲೇಕ್ ಲೂಯಿಸ್, ಮೊರೇನ್ ಲೇಕ್ ಎರಡಕ್ಕೂ ಕರ್ಕೊಂಡು ಹೋಗಬಹುದಾ, ಬಾಡಿಗೆ ಕಾರು ತಗೊಳ್ಳೋದಾ ಅಂತ ಕೇಳಿದ್ದೀರಿ. ಧಾರಾಳವಾಗಿ ಹೋಗಬಹುದು, ಆದರೆ ಕಾರಿನ ಯೋಚನೆ ಬಿಡಿ. 2023ರಿಂದ ಮೊರೇನ್ ಲೇಕ್ ರಸ್ತೆಗೆ ಖಾಸಗಿ ಕಾರು ಬಿಡುವುದಿಲ್ಲ. ಅಲ್ಲಿನ ರಾಷ್ಟ್ರೀಯ ಉದ್ಯಾನಗಳನ್ನು ನೋಡಿಕೊಳ್ಳುವ ಪಾರ್ಕ್ಸ್ ಕೆನಡಾ ಸಂಸ್ಥೆಯ ಶಟಲ್ ಬಸ್ ಇದೆ, ಮೊದಲೇ ಬುಕ್ ಮಾಡಬೇಕು. ಅಮ್ಮನ ಜೊತೆ ಅಂದರೆ ನಾನು ಸಣ್ಣ ಗುಂಪಿನ ವ್ಯಾನನ್ನೇ ಹೇಳುತ್ತೇನೆ. ಬಸ್ ಬದಲಾಯಿಸುವ ಗೋಜಿಲ್ಲ, ನಿಧಾನಕ್ಕೆ ನಡೆಯುವವರಿಗೆ ಗೈಡ್ ಕಾಯುತ್ತಾರೆ.

ಬುಕ್ ಮಾಡುವ ಮೊದಲು ಒಂದೇ ಮಾತು ಕೇಳಿ: ಪ್ರತಿ ಕೆರೆಯ ಹತ್ತಿರ ಎಷ್ಟು ಹೊತ್ತು ನಿಲ್ಲಿಸುತ್ತೀರಿ? ಅರ್ಧ ಗಂಟೆ ಅಂದರೆ ಬೇಡ. ಮೊರೇನ್‌ನಲ್ಲಿ ಆ ಪ್ರಸಿದ್ಧ ನೋಟ ಸಿಗುವುದು ಕಲ್ಲುಗುಡ್ಡೆಯ ಮೇಲಿಂದ. ದಾರಿ ಚಿಕ್ಕದೇ, ಆದರೆ ಮೆಟ್ಟಿಲುಗಳಿವೆ. ನನ್ನ ಅಮ್ಮ ನಾಲ್ಕು ಕಡೆ ನಿಂತು ನಿಂತು ಹತ್ತಿದರು. ಮೇಲೆ ಹೋದ ಮೇಲೆ ಮಾತೇ ಆಡಲಿಲ್ಲ, ಸುಮ್ನೆ ನನ್ನ ಕೈ ಹಿಡಿದು ನಿಂತಿದ್ದರು. ಹತ್ತೋಕೆ ಆಗದಿದ್ದರೂ ಬೇಜಾರಿಲ್ಲ, ದಡದಿಂದಲೂ ಚೆನ್ನಾಗಿ ಕಾಣುತ್ತದೆ.

ಕೆರೆ ಕಡು ನೀಲಿಯಾಗಿ ಕಾಣುತ್ತದೆ, ಆದರೆ ನಮ್ಮ ಗೈಡ್ ಗಾಜಿನ ಲೋಟದಲ್ಲಿ ಅದರ ನೀರು ತುಂಬಿ ತೋರಿಸಿದರು. ನೀಲಿ ಎಲ್ಲೂ ಇಲ್ಲ, ಸ್ವಲ್ಪ ಮಬ್ಬು ಅಷ್ಟೇ! ಹಿಮನದಿ ಬಂಡೆಯನ್ನು ಅರೆದ ನುಣ್ಣನೆ ಪುಡಿ ನೀರಲ್ಲಿ ತೇಲುತ್ತಾ ಬೆಳಕನ್ನು ಚದುರಿಸುವುದರಿಂದ ಆ ಬಣ್ಣವಂತೆ.

ಜೂನ್ ಶುರುವಲ್ಲಿ ಇನ್ನೂ ಮಂಜುಗಡ್ಡೆ ಇರಬಹುದು. ಜುಲೈ, ಆಗಸ್ಟ್ ಒಳ್ಳೆಯದು. ಬೇಸಿಗೆ ಅಂತ ಸ್ವೆಟರ್ ಬಿಟ್ಟು ಹೋಗಬೇಡಿ, ಬೆಳಿಗ್ಗೆ ಚಳಿ ಜಾಸ್ತಿ.