ಕೇಸು ನಡೆಯುತ್ತಿದ್ದರೂ ದಾವೆಯ ಗಡುವು ನಿಲ್ಲದು

(ಹೆಸರು ಮತ್ತು ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.)

ವಿದ್ಯಾಗೆ 20 ದಾಟಿದೆ. ಕುಂದಾಪುರ ಕಡೆಯ ಕುಟುಂಬ, ತಂದೆ ಮುಂಬೈಯ ಹೋಟೆಲೊಂದರಲ್ಲಿ ಕ್ಯಾಷಿಯರ್. ಅವಳಿಗೆ 15 ಆಗಿದ್ದಾಗ ಮನೆಪಾಠ ಹೇಳುತ್ತಿದ್ದವನು ಲೈಂಗಿಕ ದೌರ್ಜನ್ಯ ಎಸಗಿದ್ದ. ಮರುವರ್ಷ ದೂರು ಕೊಟ್ಟರು. ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ ಕಾಯ್ದೆ) ವಿಶೇಷ ನ್ಯಾಯಾಲಯದಲ್ಲಿ ಕೇಸು ಇನ್ನೂ ಮುಗಿದಿಲ್ಲ. ನಿದ್ದೆ ಕೆಟ್ಟು, ಬಿ.ಕಾಂ. ಅರ್ಧಕ್ಕೆ ನಿಂತ ಮೇಲೆ ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದಳು.

ಎರಡನೇ ಭೇಟಿಯಲ್ಲಿ ತಾಯಿ ಪ್ಲಾಸ್ಟಿಕ್ ಕವರಿನಿಂದ ರಬ್ಬರ್ ಬ್ಯಾಂಡ್ ಸುತ್ತಿದ ಬಿಲ್ಲುಗಳ ಕಟ್ಟು ತೆಗೆದಿಟ್ಟರು. ಮನೋವೈದ್ಯರ ಫೀಸು, ಮಾತ್ರೆ, ಕಟ್ಟಿ ಕಳೆದುಕೊಂಡ ಕಾಲೇಜು ಶುಲ್ಕ.

"ಇದನ್ನೆಲ್ಲ ಅವನೇ ಕೊಡಬೇಕಲ್ವಾ ಮೇಡಂ?" ಎಂದಳು ವಿದ್ಯಾ.

"ಮೊದಲು ತೀರ್ಪು ಬರಲಿ ಮಗಾ, ಆಮೇಲೆ ನೋಡುವ," ಎಂದರು ತಾಯಿ.

ನಾನು ವಕೀಲೆಯಲ್ಲ. ಆದರೂ ಆ 'ಆಮೇಲೆ'ಯನ್ನು ಕೇಳಿ ಸುಮ್ಮನಿರಲಾಗಲಿಲ್ಲ. ಪೋಕ್ಸೊದ ಗಂಭೀರ ಅಪರಾಧಗಳಿಗೆ ದೂರು ಕೊಡಲು ಗಡುವಿಲ್ಲ. ಅದನ್ನೇ ಕೇಳಿದ ಮನೆಯವರು ಅಪರಾಧಿಯಿಂದ ಪರಿಹಾರದ ಹಣ ಕೇಳುವ ಸಿವಿಲ್ ದಾವೆಗೂ ಗಡುವಿಲ್ಲ ಎಂದುಕೊಳ್ಳುತ್ತಾರೆ. 1963ರ ಕಾಲಮಿತಿ ಕಾಯ್ದೆಯಂತೆ ಇಂಥ ದಾವೆಗೆ ಸಾಮಾನ್ಯವಾಗಿ 3 ವರ್ಷ. ಘಟನೆ ನಡೆದಾಗ ಅಪ್ರಾಪ್ತೆಯಾಗಿದ್ದರೆ ಆ 3 ವರ್ಷ 18 ತುಂಬಿದ ದಿನದಿಂದ. ಅಂದರೆ ವಿದ್ಯಾಗೆ 21 ತುಂಬುವುದರೊಳಗೆ ದಾವೆ ಹೂಡಿರಬೇಕು. ಕ್ರಿಮಿನಲ್ ಕೇಸು ಬಾಕಿ ಇದೆಯೆಂದು ಈ ಲೆಕ್ಕ ನಿಲ್ಲುವುದಿಲ್ಲ. ಮೇಲ್ಮನವಿ ತಡವಾದರೆ ಕಾರಣ ಹೇಳಿ ಮನ್ನಾ ಕೇಳಬಹುದು, ದಾವೆಗೆ ಆ ಅನುಕೂಲವೂ ಇಲ್ಲ.

ತಾಯಿಯ ಮುಖ ಬಾಡಿತು. "ಒಂದು ಕೋರ್ಟೇ ಸಾಕಾಗಿ ಹೋಗಿದೆ." ಆ ಮಾತಿನಲ್ಲಿ ಸುಳ್ಳೇನಿಲ್ಲ. ದಾವೆ ಹೂಡಿದರೆ ಮತ್ತೊಮ್ಮೆ ಸಾಕ್ಷಿ, ಮತ್ತೊಮ್ಮೆ ಪಾಟೀಸವಾಲು. ಗೆದ್ದರೂ ಅವನ ಬಳಿ ಆಸ್ತಿಯಿಲ್ಲದಿದ್ದರೆ ಹಣ ಕೈಗೆ ಬರುವುದು ಕಷ್ಟ. ಇನ್ನೊಂದು ಕಡೆ, ಸಿವಿಲ್ ಕೋರ್ಟಿನಲ್ಲಿ ಸಂಶಯಕ್ಕೆ ಎಡೆಯೇ ಇಲ್ಲದಷ್ಟು ರುಜುವಾತು ಬೇಕಿಲ್ಲ. ಯಾರ ಮಾತು ಹೆಚ್ಚು ನಂಬುವಂತಿದೆ ಎಂಬುದರ ಮೇಲೆ ತೀರ್ಮಾನ. ಎರಡನ್ನೂ ಮುಚ್ಚುಮರೆಯಿಲ್ಲದೆ ಹೇಳಿದೆ.

ಇನ್ನೊಂದು ದಾರಿಯನ್ನು ಇವರಿಗೆ ಇಷ್ಟು ವರ್ಷ ಯಾರೂ ಹೇಳಿರಲಿಲ್ಲವೆಂಬುದು ನನಗೆ ತೀರಾ ನೋವು ತಂದಿತು. 2020ರ ಪೋಕ್ಸೊ ನಿಯಮಗಳಡಿ ವಿಶೇಷ ನ್ಯಾಯಾಲಯವೇ, ಕೇಸು ಮುಗಿಯುವ ಮೊದಲೇ, ಮಧ್ಯಂತರ ಪರಿಹಾರ ಕೊಡಿಸಬಹುದು. ಆರೋಪಿ ಖುಲಾಸೆಯಾದರೂ ಪರಿಹಾರದ ದಾರಿ ಮುಚ್ಚುವುದಿಲ್ಲ. ಇದನ್ನು ಮೊದಲು ಕೇಳಿ ಎಂದೆ.

ವಕೀಲರ ಖರ್ಚಿಗೆ ಹೆದರಬೇಕಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಹೆಣ್ಣುಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ಉಚಿತ ನೆರವಿದೆ. ಸಹಾಯವಾಣಿ 15100. ಜನನ ಪ್ರಮಾಣಪತ್ರ, ಎಫ್‌ಐಆರ್ ಪ್ರತಿ, ಬಿಲ್ಲುಗಳ ಜೆರಾಕ್ಸ್ ವಕೀಲರ ಬಳಿ ಒಯ್ಯಿರಿ, ಅಸಲು ನಿಮ್ಮ ಹತ್ತಿರವೇ ಇರಲಿ. ಫೋನಿನ ಹಳೆಯ ಮೆಸೇಜು ಯಾವುದನ್ನೂ ಅಳಿಸಬೇಡಿ. ಮೊದಲ ಭೇಟಿಯಲ್ಲೇ ನಡೆದದ್ದನ್ನೆಲ್ಲ ಬಾಯಿಬಿಟ್ಟು ಹೇಳಬೇಕಿಲ್ಲ ಮಗಾ, ಎಫ್‌ಐಆರ್ ಓದಿದರೆ ಅವರಿಗೆ ತಿಳಿಯುತ್ತದೆ.

"ಒಳಗೆ ನಾನೊಬ್ಬಳೇ ಹೋಗಬಹುದಾ?" ವಿದ್ಯಾ ಕೇಳಿದಳು. ಹೋಗಬಹುದು, ನೀನೀಗ ವಯಸ್ಕೆ ಎಂದೆ. ತಾಯಿ ಹೊರಗೆ ಬೆಂಚಿನ ಮೇಲೆ ಕೂರಲು ಒಪ್ಪಿದರು. ದಾವೆ ಹೂಡುವುದೋ ಬಿಡುವುದೋ ಅವಳು ಇನ್ನೂ ನಿರ್ಧರಿಸಿಲ್ಲ, ನಾನೂ ಒತ್ತಾಯಿಸುವುದಿಲ್ಲ. ವಕೀಲರ ಭೇಟಿ ಮಾತ್ರ ಇದೇ ವಾರ ಎಂದು ಗೊತ್ತುಮಾಡಿಕೊಂಡೆವು.