ಹೊಸ ಲ್ಯಾಪ್‌ಟಾಪಿನಲ್ಲಿ ಡಿವಿಡಿ ಡ್ರೈವ್ ಇಲ್ಲ ಅಂತ ಹಳೆಯ ಮಾಡೆಲ್ ಹುಡುಕಬೇಕಾ?

ಖಂಡಿತ ಬೇಡ. ಮಗಳ ಕಾಲೇಜಿಗೆ ಲ್ಯಾಪ್‌ಟಾಪ್ ನೋಡುತ್ತಿದ್ದೀರಿ, ಅಂಗಡಿಯವರು ತೋರಿಸಿದ ಯಾವುದರಲ್ಲೂ ಡಿವಿಡಿ ಡ್ರೈವ್ ಇಲ್ಲ, ಮನೆಯಲ್ಲಿ 60 ಡಿಸ್ಕ್ ಇವೆ, ಡ್ರೈವ್ ಇರುವ ಹಳೆಯ ಮಾಡೆಲ್ ಸಿಕ್ಕರೆ ತಗೊಳ್ಳಲಾ ಅಂತ ಕೇಳಿದ್ದೀರಿ. ಹಳೆಯ ಮಾಡೆಲ್ ತಗೊಂಡರೆ ಅದರ ಜೊತೆ ಪ್ರೊಸೆಸರ್, ಬ್ಯಾಟರಿ ಎಲ್ಲ ಹಳೆಯದೇ ಬರುತ್ತದೆ. ಆ ಡ್ರೈವನ್ನು ಮಗಳು ವರ್ಷಕ್ಕೆ ಎರಡು ಸಲ ತೆರೆದರೆ ಜಾಸ್ತಿ. ಅವಳಿಗೆ ಹೊಸದನ್ನೇ ಕೊಡಿಸಿ. ನಿಮಗೆ ಅಂತ ಯುಎಸ್‌ಬಿಗೆ ಹಾಕುವ ಡಿವಿಡಿ ರೈಟರ್ ಒಂದನ್ನು ಬೇರೆಯಾಗಿ ತಗೊಳ್ಳಿ. ನನ್ನದಕ್ಕೆ ಎರಡು ಸಾವಿರ ಚಿಲ್ಲರೆ ಆಯಿತು.

ಡ್ರೈವ್ ಯಾಕೆ ಹೋಯಿತು ಅನ್ನೋದು ಸುಲಭದ ಲೆಕ್ಕ. ಲ್ಯಾಪ್‌ಟಾಪಿನ ಡ್ರೈವ್ 12.7 ಮಿ.ಮೀ. ದಪ್ಪ ಇರುತ್ತಿತ್ತು, ತೆಳುವಾದದ್ದು ಅಂದರೂ 9.5 ಮಿ.ಮೀ. ಡಿಸ್ಕೇ 12 ಸೆಂ.ಮೀ. ಅಗಲ. ಅಷ್ಟು ಜಾಗ ಬಿಟ್ಟು ಉಳಿದದ್ದರಲ್ಲಿ ಬ್ಯಾಟರಿ ಕೂರಿಸಬೇಕಿತ್ತು. 2008ರಲ್ಲಿ ಆಪಲ್ ತನ್ನ ಮ್ಯಾಕ್‌ಬುಕ್ ಏರ್‌ನಲ್ಲಿ ಡ್ರೈವ್ ಇಡಲಿಲ್ಲ, ಬೇಕಾದವರಿಗೆ ಹೊರಗಿನ ಡ್ರೈವ್ ಮಾರಿತು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಅದೇ ದಾರಿ ಹಿಡಿದರು. ಈಗ ವಿಂಡೋಸ್ 11 ಇನ್‌ಸ್ಟಾಲ್ ಮಾಡುವ ಫೈಲ್ ಕೂಡ 4.7 ಜಿಬಿಯ ಮಾಮೂಲಿ ಡಿವಿಡಿಯಲ್ಲಿ ಹಿಡಿಸುವುದಿಲ್ಲ, ಪೆನ್ ಡ್ರೈವೇ ಬೇಕು.

ಲ್ಯಾಪ್‌ಟಾಪ್ ವಿಷಯ ಇಷ್ಟೇ. ನನಗೆ ಚಿಂತೆ ಆಗಿದ್ದು ನಿಮ್ಮ 60 ಡಿಸ್ಕ್‌ಗಳ ಬಗ್ಗೆ. ದಯವಿಟ್ಟು ಅವನ್ನು ಈ ವರ್ಷವೇ ಕಾಪಿ ಮಾಡಿಕೊಳ್ಳಿ.

ನಮ್ಮ ಅಕ್ಕನ ಮದುವೆ 2007ರಲ್ಲಿ ಆಯಿತು. ಸ್ಟುಡಿಯೋದವರು ಮೂರು ಡಿವಿಡಿ ಕೊಟ್ಟಿದ್ದರು. ಮೊದಲ ವರ್ಷ ಬಂದವರಿಗೆಲ್ಲ ತೋರಿಸಿ, ಆಮೇಲೆ ಷೋಕೇಸಿನಲ್ಲಿ ಇಟ್ಟು ಮರೆತೆವು. ಹನ್ನೆರಡು ವರ್ಷದ ನಂತರ ಅಜ್ಜಿ ತೀರಿಕೊಂಡರು. ಹೆಣ್ಣು ಒಪ್ಪಿಸುವಾಗ ಅವರು ಹಾಡಿದ ಹಾಡು ಆ ಮೂರನೇ ಡಿಸ್ಕಿನಲ್ಲಿ ಮಾತ್ರ ಇತ್ತು. ಹಾಕಿದರೆ, ಧಾರೆ ಆಯಿತು, ಊಟದ ಪಂಕ್ತಿ ಆಯಿತು, ಹಾಡು ಶುರುವಾಗುವ ಹೊತ್ತಿಗೆ ಚಿತ್ರ ಚೌಕ ಚೌಕವಾಗಿ ಒಡೆದು ನಿಂತೇಬಿಟ್ಟಿತು.

ಯಾಕೆ ಅಂದರೆ, ಡಿಸ್ಕಿನಲ್ಲಿ ಬರೆಯುವುದು ಒಳಗಿನ ಸುತ್ತಿನಿಂದ ಹೊರಗಿನ ಅಂಚಿನ ಕಡೆಗೆ. ತುಂಬಿದ ಡಿಸ್ಕಾದರೆ ಕೊನೆಯ ಭಾಗ ಅಂಚಿನಲ್ಲಿ ಇರುತ್ತದೆ. ನಾವು ಕೈಯಲ್ಲಿ ಹಿಡಿಯುವುದು ಆ ಅಂಚನ್ನೇ, ತೇವ ಮೊದಲು ನುಗ್ಗುವುದೂ ಅಲ್ಲಿಂದಲೇ. ಅದೂ ಅಲ್ಲದೆ ಮನೆಯಲ್ಲೋ ಸ್ಟುಡಿಯೋದಲ್ಲೋ ರೈಟ್ ಮಾಡಿದ ಡಿಸ್ಕಿನಲ್ಲಿ ಒಂದು ಬಣ್ಣದ ಪದರ ಇರುತ್ತದೆ, ಲೇಸರ್ ಅದರ ಮೇಲೆ ಬರೆದಿರುತ್ತದೆ. ಬಿಸಿಲು, ಸೆಖೆ ಬಿದ್ದರೆ ಆ ಬಣ್ಣ ಕೆಡುತ್ತದೆ. ಕಾರ್ಖಾನೆಯಲ್ಲಿ ಅಚ್ಚು ಒತ್ತಿ ಮಾಡಿದ ಸಿನಿಮಾ ಡಿಸ್ಕಿಗೆ ಈ ತೊಂದರೆ ಇಲ್ಲ.

ನಾನು ಡಿಸ್ಕನ್ನು ಮೆತ್ತಗಿನ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿದೆ (ಸುತ್ತಲೂ ಉಜ್ಜಬಾರದು, ಗೀರು ಬಿದ್ದರೆ ಓದುವ ದಾರಿಯ ಉದ್ದಕ್ಕೂ ಬೀಳುತ್ತದೆ). ನನ್ನ ಡ್ರೈವ್ ಓದಲಿಲ್ಲ. ಗೆಳೆಯನ ಹಳೆಯ ಡೆಸ್ಕ್‌ಟಾಪಿನ ಡ್ರೈವ್ ಓದಿತು! ಒಂದು ಡ್ರೈವ್ ಕೈಬಿಟ್ಟ ಡಿಸ್ಕನ್ನು ಇನ್ನೊಂದು ಓದುವುದು ಉಂಟು, ಆದ್ದರಿಂದ ಎರಡು ಮೂರು ಕಡೆ ಹಾಕಿ ನೋಡದೆ ಎಸೆಯಬೇಡಿ. ಹಾಡು ಪೂರ್ತಿ ಸಿಕ್ಕಿತು. ಅದರ ನಂತರದ ಕೆಲವು ನಿಮಿಷ ಹೋದವು.

ಇನ್ನೊಂದು ವಿಷಯ, ಸ್ಕ್ಯಾನಿಂಗ್ ಸಿಡಿಗಳು. ಎಂಆರ್‌ಐ, ಸಿಟಿ ಮಾಡಿಸಿದಾಗ ಫಿಲ್ಮಿನ ಜೊತೆ ಸಿಡಿ ಕೊಡುತ್ತಾರಲ್ವಾ, ಅದನ್ನು ಕವರಿನಿಂದ ತೆಗೆಯದೇ ಬಿಡುತ್ತೇವೆ. ಅಪ್ಪನ ಬೆನ್ನಿಗೆ ಎರಡನೇ ಸಲ ಎಂಆರ್‌ಐ ಆದಾಗ ಡಾಕ್ಟರ್ ಹಳೆಯದರ ಜೊತೆ ಹೋಲಿಸಿ ನೋಡಬೇಕು ಅಂದರು. ಸಿಡಿ ಒಯ್ದಿದ್ದೆ, ಆದರೆ ಅವರ ಮೇಜಿನ ಕಂಪ್ಯೂಟರಿನಲ್ಲೂ ಡ್ರೈವ್ ಇರಲಿಲ್ಲ. ಪುಣ್ಯಕ್ಕೆ ಹಿಂದಿನ ರಾತ್ರಿ ಪೆನ್ ಡ್ರೈವಿಗೆ ಹಾಕಿಕೊಂಡಿದ್ದೆ. ಆ ಸಿಡಿಯಲ್ಲಿ ಇರುವುದು ಡೈಕಾಮ್ ಅನ್ನುವ ಬಗೆಯ ಫೈಲುಗಳು, ಒಂದು ಸ್ಕ್ಯಾನಿಗೆ ನೂರಾರು. ಒಂದೆರಡು ಚಿತ್ರದ ಫೋಟೋ ಹೊಡೆದುಕೊಂಡರೆ ಸಾಲದು. ಸಿಡಿಯಲ್ಲಿ ಇರುವುದನ್ನೆಲ್ಲ ಹಾಗೇ ಒಂದು ಫೋಲ್ಡರಿಗೆ ಕಾಪಿ ಮಾಡಿ, ಹೆಸರು ಮತ್ತು ತಾರೀಕು ಬರೆದಿಡಿ.

ನಿಮ್ಮ 60 ಡಿಸ್ಕೂ ತುಂಬಿದ 4.7 ಜಿಬಿಯ ಮಾಮೂಲಿ ಡಿವಿಡಿಗಳೇ ಅಂದುಕೊಂಡರೂ ಒಟ್ಟು 300 ಜಿಬಿ ದಾಟುವುದಿಲ್ಲ. 500 ಜಿಬಿಯ ಹಾರ್ಡ್ ಡಿಸ್ಕ್ ಧಾರಾಳ ಸಾಕು. ಚೆನ್ನಾಗಿರುವ ಡಿವಿಡಿಗೆ ಹತ್ತು ಹದಿನೈದು ನಿಮಿಷ, ದಿನಕ್ಕೆ ನಾಲ್ಕು ಹಾಕಿದರೂ ಎರಡು ವಾರ. ಮದುವೆ ಡಿವಿಡಿಯಲ್ಲಿ ವಿಡಿಯೋ_ಟಿಎಸ್ ಅನ್ನುವ ಫೋಲ್ಡರ್ ಕಾಣುತ್ತದೆ, ಅದನ್ನು ಇಡಿಯಾಗಿ ಎಳೆದುಕೊಳ್ಳಿ. ಇನ್ನೊಂದು ಕಾಪಿ ಬೇರೆ ಮನೆಯಲ್ಲಿ ಇರಲಿ. ನಮ್ಮದು ಅಕ್ಕನ ಹತ್ತಿರ ಇದೆ.

ರೈಟರ್ ಕೊಳ್ಳುವ ಮುಂಚೆ ಮಗಳ ಲ್ಯಾಪ್‌ಟಾಪಿನಲ್ಲಿ ಅಗಲದ ಯುಎಸ್‌ಬಿ ಪೋರ್ಟ್ ಇದೆಯಾ ನೋಡಿ. ಟೈಪ್ ಸಿ ಮಾತ್ರ ಇದ್ದರೆ ಕನ್ವರ್ಟರ್ ಬೇಕಾಗುತ್ತದೆ. ಡಿಸ್ಕ್ ತಿರುಗಲು ಶುರುವಾಗಿ ಮತ್ತೆ ಮತ್ತೆ ನಿಂತರೆ ಕರೆಂಟ್ ಸಾಲುತ್ತಿಲ್ಲ ಅಂತ ಅನುಮಾನಿಸಿ, ಯುಎಸ್‌ಬಿ ಹಬ್ (ಒಂದು ಪೋರ್ಟನ್ನು ಹಲವು ಮಾಡುವ ಡಬ್ಬಿ) ಬಿಟ್ಟು ನೇರವಾಗಿ ಲ್ಯಾಪ್‌ಟಾಪಿಗೇ ಹಾಕಿ. ವಿಂಡೋಸ್ ತಾನಾಗಿ ಡಿವಿಡಿ ಸಿನಿಮಾ ಓಡಿಸುವುದನ್ನು ವಿಂಡೋಸ್ 8ರಿಂದಲೇ ನಿಲ್ಲಿಸಿದೆ, ವಿಎಲ್‌ಸಿ ಅನ್ನುವ ವಿಡಿಯೋ ಪ್ಲೇಯರ್ ಹಾಕಿಕೊಂಡರೆ ಆಯಿತು, ಅದು ಉಚಿತ. ಅಂಗಡಿಯಿಂದ ತಂದ ಸಿನಿಮಾ ಡಿಸ್ಕ್‌ಗಳಿಗೆ ಅವಸರ ಇಲ್ಲ, ಅವು ಕೊನೆಗೆ. ಮನೆಯವರ ಮುಖ, ದನಿ ಇರುವವು ಮೊದಲು, ಅದರಲ್ಲೂ ತೀರಿಕೊಂಡವರು ಇರುವುದನ್ನು ಎಲ್ಲಕ್ಕಿಂತ ಮುಂಚೆ ಹಾಕಿ.