ದಿಮ್ಮಿಮನೆಗೆ ಹಿಡಿಯುವ ಬೂಷ್ಟು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಕೂರಿಸಿ ಕಟ್ಟಿದ ಮನೆ. ಬಿಸಿಲು ಬೀಳದ ಕಡೆಯ ಗೋಡೆಯಲ್ಲಿ, ಕೆಳಗಿನ ಮೂರು ದಿಮ್ಮಿಗಳ ಮೇಲೆ ಸಾಸಿವೆ ಚೆಲ್ಲಿದಂತೆ ಕಪ್ಪು ಚುಕ್ಕೆಗಳಾಗಿವೆ. ಕಳೆದ ವರ್ಷ ಬ್ಲೀಚ್ ಹಾಕಿ ತೊಳೆಸಿ ವಾರ್ನಿಷ್ ಬಳಿಸಿದ್ದೆವು. ಮಳೆ ಮುಗಿಯುವಷ್ಟರಲ್ಲಿ ಮತ್ತೆ ಬಂದಿವೆ. ಮರ ಕೊಳೆಯುತ್ತಿದೆಯೇ? ಏನು ಮಾಡಬೇಕು?

ಉತ್ತರ: ಬೂಷ್ಟು ಹಿಡಿದ ಮಾತ್ರಕ್ಕೆ ಮರ ಕೊಳೆತಿದೆ ಎಂದಲ್ಲ. ಬೂಷ್ಟು ಮರದ ಮೇಲ್ಪದರದಲ್ಲಿರುವ ಸಕ್ಕರೆ ಮತ್ತು ಪಿಷ್ಟವನ್ನು ತಿಂದು ಬದುಕುತ್ತದೆ. ನಾರಿನ ಬಲವನ್ನು ಅದು ಅಷ್ಟಾಗಿ ಕುಗ್ಗಿಸುವುದಿಲ್ಲ. ಆದರೆ ಮರದ ತೇವಾಂಶ ಶೇ. 20 ದಾಟಿದಾಗ ನೆಲೆಯೂರುವ ಬೂಷ್ಟು ಒಂದೇ ಜಾಗದಲ್ಲಿ ಮರುಕಳಿಸುತ್ತಿದೆ ಎಂದರೆ ಅಲ್ಲಿ ನೀರು ನಿಲ್ಲುತ್ತಿದೆ ಎಂದೇ ಅರ್ಥ, ಮತ್ತು ಆ ತೇವಾಂಶ ಶೇ. 28–30ಕ್ಕೆ ಏರಿ ಅಲ್ಲಿಯೇ ಉಳಿದರೆ ನಾರನ್ನೇ ತಿನ್ನುವ ಕೊಳೆರೋಗದ ಶಿಲೀಂಧ್ರಗಳಿಗೆ ದಾರಿಯಾಗುತ್ತದೆ. ಒಂದು ದಬ್ಬಳ ತೆಗೆದುಕೊಂಡು ಚುಕ್ಕೆಗಳಿರುವ ಕಡೆ, ವಿಶೇಷವಾಗಿ ಮೂಲೆಗಳಲ್ಲಿ ಹೊರಚಾಚಿದ ದಿಮ್ಮಿಯ ತುದಿಗಳಲ್ಲಿ, ಒತ್ತಿ ನೋಡಿ. ತುದಿ ತಡೆದು ನಿಂತರೆ ತೊಂದರೆ ಮೇಲ್ಮೈಯದು. ಬೆಣ್ಣೆಗೆ ಇಳಿದಂತೆ ಒಳಗಿಳಿದು ಮರ ಪುಡಿಪುಡಿಯಾಗಿ ಉದುರಿದರೆ ಅನುಭವಿ ಬಡಗಿಯನ್ನು ಕರೆಸಲೇಬೇಕು.

ಚುಕ್ಕೆ ಬೂಷ್ಟೇ ಹೌದೇ ಎಂಬುದನ್ನೂ ಖಚಿತಪಡಿಸಿಕೊಳ್ಳಿ. ಅದರ ಮೇಲೆ ಒಂದು ಹನಿ ಬ್ಲೀಚ್ ಇಟ್ಟರೆ ಒಂದೆರಡು ನಿಮಿಷದಲ್ಲಿ ಬೂಷ್ಟಿನ ಬಣ್ಣ ತಿಳಿಯಾಗುತ್ತದೆ. ಮಾಸದೆ ಉಳಿದರೆ ಅದು ಕೊಳೆಯಾಗಿರಬಹುದು, ಅಥವಾ ಮರದ ಒಗರು ಮೊಳೆಯ ಕಬ್ಬಿಣದೊಡನೆ ಸೇರಿ ಮೂಡಿದ ಕಲೆಯಾಗಿರಬಹುದು. ಕಬ್ಬಿಣದ ಕಲೆಗೆ ಆಕ್ಸಾಲಿಕ್ ಆಮ್ಲವೇ ಮದ್ದು. ನಿಮ್ಮ ಗೋಡೆಯಲ್ಲಿ ವಾರ್ನಿಷ್ ಇರುವುದರಿಂದ ಒಂದು ಚಿಕ್ಕ ಜಾಗವನ್ನು ಕೆರೆದು ಈ ಪರೀಕ್ಷೆ ಮಾಡಿ. ಬೂಷ್ಟು ವಾರ್ನಿಷ್ ಪದರದ ಅಡಿಯಲ್ಲಿದ್ದರೆ ಎಷ್ಟು ತೊಳೆದರೂ ಪ್ರಯೋಜನವಿಲ್ಲ, ಪದರವನ್ನೇ ತೆಗೆಯಬೇಕು. ಕಳೆದ ವರ್ಷ ತೊಳೆದ ಮರ ಪೂರ್ತಿ ಒಣಗುವ ಮೊದಲೇ ಬಳಿದಿದ್ದರೆ ನೀವೇ ನೀರನ್ನು ಒಳಗಿಟ್ಟು ಮುಚ್ಚಿದಂತಾಗಿದೆ.

ಇನ್ನು ನೀರಿನ ಮೂಲ. ಇದನ್ನು ಹುಡುಕದೆ ಔಷಧಿಗೆ ದುಡ್ಡು ಸುರಿಯಬೇಡಿ ಎಂದು ಕಳಕಳಿಯಿಂದ ಹೇಳುತ್ತೇನೆ. ಜೋರು ಮಳೆಯಲ್ಲಿ ಕೊಡೆ ಹಿಡಿದು ಆ ಗೋಡೆಯೆದುರು ಹತ್ತು ನಿಮಿಷ ನಿಂತು ನೋಡಿ. ಕೆಳಗಿನ ಮೂರು ದಿಮ್ಮಿಗಳಿಗೇ ಹಿಡಿದಿದೆ ಎಂದಾಗ ಸೂರಿನಿಂದ ಬಿದ್ದ ನೀರು ನೆಲಕ್ಕೆ ಬಡಿದು ಗೋಡೆಗೆ ಸಿಡಿಯುತ್ತಿದೆ ಎಂಬುದೇ ನನ್ನ ಮೊದಲ ಅನುಮಾನ. ನೆಲಕ್ಕೂ ಮೊದಲ ದಿಮ್ಮಿಗೂ ಒಂದರಿಂದ ಒಂದೂವರೆ ಅಡಿ ಅಂತರವಿರಬೇಕು, ಸೂರು ಅಗಲವಾಗಿರಬೇಕು, ನೀರಿನ ದೋಣಿಯಲ್ಲಿ ತರಗೆಲೆ ಕಟ್ಟಿಕೊಳ್ಳಬಾರದು. ಗಿಡಗಳನ್ನು ಗೋಡೆಯಿಂದ ಎರಡು ಮೂರು ಅಡಿ ದೂರ ಸರಿಸಿ. ಗೋಡೆಗೆ ಒರಗಿಸಿದ ಸೌದೆ ರಾಶಿಯನ್ನೂ ತೆಗೆಸಿ. ದಿಮ್ಮಿ ಒಣಗುವಾಗ ಬಿರುಕು ಬಿಡುವುದು ಸಹಜವೇ, ಆದರೆ ಮೇಲ್ಮುಖವಾಗಿ ಬಾಯಿ ತೆರೆದ ಬಿರುಕು ಬಟ್ಟಲಿನಂತೆ ನೀರು ಹಿಡಿಯುತ್ತದೆ. ಕಾಲು ಅಂಗುಲಕ್ಕಿಂತ ಅಗಲವಿರುವ ಅಂಥ ಬಿರುಕುಗಳಿಗೆ ಫೋಮ್ ಹಗ್ಗ ತುರುಕಿ, ಅದರ ಮೇಲೆ ದಿಮ್ಮಿಮನೆಗೆಂದೇ ಬರುವ, ಮರದೊಂದಿಗೆ ಹಿಗ್ಗಿ ಕುಗ್ಗುವ ಸೀಲಂಟ್ ತುಂಬಿಸಿ.

ಬಳಿಕ ಶುದ್ಧಿಯ ಕೆಲಸ. ಒಣ ಬ್ರಷ್‌ನಿಂದ ಉಜ್ಜಿದರೆ ಬೀಜಾಣುಗಳು ಗಾಳಿಗೇರುತ್ತವೆ. ಎನ್‌95 ಮಾಸ್ಕ್, ಕೈಗವಸು, ಕನ್ನಡಕ ಧರಿಸಿ, ಮೊದಲು ಗೋಡೆ ನೆನೆಸಿ. ಸೋಡಿಯಂ ಪರ್‌ಕಾರ್ಬೊನೇಟ್ (ಕ್ಲೋರಿನ್ ಇಲ್ಲದ, ಆಮ್ಲಜನಕದ ಬ್ಲೀಚ್) ಪುಡಿಯ ದ್ರಾವಣವನ್ನು ಕೆಳಗಿನಿಂದ ಮೇಲಕ್ಕೆ ಹಚ್ಚುತ್ತಾ ಹೋಗಿ, ಒಣಗಲು ಬಿಡದೆ ನೈಲಾನ್ ಬ್ರಷ್‌ನಿಂದ ಉಜ್ಜಿ, ಮೇಲಿನಿಂದ ಕೆಳಕ್ಕೆ ಧಾರಾಳ ನೀರಿನಿಂದ ತೊಳೆಯಿರಿ. ಕ್ಲೋರಿನ್ ಬ್ಲೀಚ್ ಕೂಡ ಬೂಷ್ಟನ್ನು ಬಿಳಿಚಿಸುತ್ತದೆ, ಆದರೆ ಗಡುಸಾಗಿ ಬಳಸಿದರೆ ಮರದ ನಾರು ಎದ್ದುನಿಲ್ಲುತ್ತದೆ. ಅದಕ್ಕೆ ಅಮೋನಿಯಾ ಅಥವಾ ವಿನೆಗರ್ ಬೆರೆಸಿದರೆ ವಿಷಾನಿಲ ಹೊರಡುವುದರಿಂದ ಆ ಪ್ರಯೋಗ ಬೇಡವೇ ಬೇಡ. ಕಬ್ಬಿಣದ ತಂತಿ ಬ್ರಷ್ ಕೂಡ ಬೇಡ. ಮುರಿದ ಚೂರುಗಳು ಮರದಲ್ಲಿ ಉಳಿದು ತುಕ್ಕಿನಿಂದ ಹೊಸ ಕಪ್ಪು ಕಲೆಗಳನ್ನು ಹುಟ್ಟಿಸುತ್ತವೆ.

ತೇವಾಂಶ ಮಾಪಕದಲ್ಲಿ ಶೇ. 18ಕ್ಕಿಂತ ಕಡಿಮೆ ಬರುವವರೆಗೆ ಕಾದು, ಬರಿಯ ಮರಕ್ಕೆ ಶಿಲೀಂಧ್ರ ತಡೆಯುವ ಬೋರೇಟ್ (ಬೋರಾನ್‌ನ ಲವಣ) ದ್ರಾವಣ ಕುಡಿಸಿ. ಬೋರೇಟ್ ನೀರಿನಲ್ಲಿ ಕರಗುವ ಲವಣವಾದ್ದರಿಂದ ಮಳೆ ಅದನ್ನು ತೊಳೆದುಬಿಡುತ್ತದೆ. ಅದು ಒಣಗಿದ ಮೇಲೆ, ಆವಿಯನ್ನು ಹೊರಬಿಡುವ, ಶಿಲೀಂಧ್ರನಾಶಕ ಬೆರೆತ ಮರದ ಲೇಪವನ್ನು ತಪ್ಪದೆ ಬಳಿಯಬೇಕು.

ಪ್ರಶ್ನೆ: ರಾಸಾಯನಿಕವೇ ಬೇಡವೆಂದು ಹೊರಗೋಡೆಗೆ ಅಗಸೆ ಎಣ್ಣೆ ಹಚ್ಚಬಹುದೇ?

ಉತ್ತರ: ಬರಿಯ ಅಗಸೆ ಎಣ್ಣೆ ಬೂಷ್ಟಿಗೇ ಆಹಾರವಾಗುತ್ತದೆ, ಕೆಲವೇ ತಿಂಗಳಲ್ಲಿ ಗೋಡೆ ಕಪ್ಪಾದೀತು. ಹೊರಗೋಡೆಗೆ ಬೇಡ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಟ್ಟರೆ ತಾನಾಗಿ ಬೆಂಕಿ ಹೊತ್ತಿಕೊಳ್ಳುವ ಅಪಾಯವೂ ಇದೆ.

ಪ್ರಶ್ನೆ: ಹೊರಗೆ ಚೆನ್ನಾಗಿದೆ, ಆದರೆ ಒಳಗೆ ಬೀರುವಿನ ಹಿಂದಿನ ದಿಮ್ಮಿಗಳಿಗೆ ಬಿಳಿ ಬೂಷ್ಟು ಹಿಡಿದಿದೆ. ಏಕೆ?

ಉತ್ತರ: ಗಾಳಿಯಾಡದ ತಣ್ಣನೆಯ ಮೂಲೆಯಲ್ಲಿ ಮನೆಯ ಆವಿಯೇ ತೇವವಾಗಿ ಕೂರುತ್ತದೆ. ಬೀರುವನ್ನು ಒಂದು ಗೇಣು ಮುಂದಕ್ಕೆ ಸರಿಸಿ. ಅಡುಗೆಮನೆ ಮತ್ತು ಬಚ್ಚಲಿನ ಫ್ಯಾನ್ ಆವಿಯನ್ನು ಅಟ್ಟಕ್ಕಲ್ಲ, ಹೊರಕ್ಕೇ ದೂಡುವಂತಿರಲಿ. ಒಳಗಿನ ಸಾಪೇಕ್ಷ ಆರ್ದ್ರತೆ ಶೇ. 50ರ ಆಸುಪಾಸಿನಲ್ಲಿದ್ದರೆ ಆ ಬೂಷ್ಟು ಮತ್ತೆ ತಲೆ ಎತ್ತುವುದು ಅಪರೂಪ.